ಪ್ರಾಡಕ್ಟ್ ಸ್ಟ್ರಾಟೆಜಿಯನ್ನು ಚಾಟ್‌ಬಾಟ್ ಹತ್ತಿರ ಬರೆಸಬಹುದಾ?

ಆರು ವರ್ಷ ಕೋಡ್ ಬರೆದು ಈಗ ಪ್ರಾಡಕ್ಟ್ ಮ್ಯಾನೇಜರ್ ಆಗಿದ್ದೀರಿ, ಇಡೀ ವರ್ಷದ ರೋಡ್‌ಮ್ಯಾಪ್, ಅಂದರೆ ಏನೇನು ಯಾವಾಗ ಮಾಡೋದು ಅನ್ನೋ ಪಟ್ಟಿ, ಕೊಡಬೇಕು, ಅದನ್ನು ಚಾಟ್‌ಜಿಪಿಟಿ, ಕ್ಲಾಡ್ ಇಂಥವುಗಳ ಹತ್ತಿರ ಮಾಡಿಸಿದರೆ ನಡೆಯುತ್ತಾ ಅಂತ ಕೇಳಿದ್ದೀರಿ.

ಮಾಡಿಸಬಹುದು. ಓದೋಕೂ ಚೆನ್ನಾಗಿರುತ್ತದೆ. ಆ ಚೆಂದಕ್ಕೆ ಮರುಳಾಗಿ ನಾನೊಮ್ಮೆ ಏಟು ತಿಂದಿದ್ದೇನೆ.

ನನ್ನ ಕೆಲಸ ಎಚ್‌ಎಸ್‌ಆರ್ ಲೇಔಟ್‌ನ ಒಂದು ಸಣ್ಣ ಕಂಪನಿಯಲ್ಲಿ. ಪ್ರಾವಿಷನ್ ಸ್ಟೋರ್‌ನವರು ಸಾಲದ ಲೆಕ್ಕ ಇಟ್ಟುಕೊಳ್ಳುವ ಆ್ಯಪ್ ನಮ್ಮದು. ಹೋದ ವರ್ಷ ಸಪೋರ್ಟ್ ಟೀಮಿನ ಮುನ್ನೂರು ಚಿಲ್ಲರೆ ಕಾಲ್ ನೋಟ್ಸ್ ತಂದು ಚಾಟ್‌ಬಾಟ್‌ಗೆ ಸುರಿದೆ. ಜನರ ದೊಡ್ಡ ತಕರಾರು ಏನು ಅಂತ ಕೇಳಿದೆ. ಅರ್ಧ ನಿಮಿಷದಲ್ಲಿ ಉತ್ತರ ಬಂತು: ಬಾಕಿ ನೆನಪಿಸುವ ಮೆಸೇಜ್‌ಗಳು ಕಳೆದುಹೋಗುತ್ತಿವೆ. ಪರಿಹಾರವೂ ಜೊತೆಗೇ ಇತ್ತು, ವಾರಕ್ಕೆರಡು ಸಲ ತಾನಾಗಿಯೇ ಮೆಸೇಜ್ ಹೋಗಲಿ ಅಂತ. ಸ್ಲೈಡ್ ಮಾಡಿದೆ, ಬಾಸ್ ತಲೆಯಾಡಿಸಿದರು, ಎರಡು ಸ್ಪ್ರಿಂಟ್, ಅಂದರೆ ಟೀಮಿನ ಎರಡು ಸುತ್ತಿನ ಕೆಲಸ, ಅದಕ್ಕೇ ಹೋಯಿತು. ಬಿಟ್ಟ ವಾರದಲ್ಲೇ ಅಂಗಡಿಯವರು ಒಬ್ಬೊಬ್ಬರಾಗಿ ಅದನ್ನು ಆಫ್ ಮಾಡತೊಡಗಿದರು.

ಆಮೇಲೆ ಕೂತು ನೋಟ್ಸ್ ನಾನೇ ಓದಿದೆ. ನಮ್ಮ ಸಪೋರ್ಟ್ ಹುಡುಗರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ. ಎಷ್ಟೋ ಕಡೆ ಇದ್ದದ್ದು ಇಷ್ಟೇ: "ಮೆಸೇಜ್ ಹೋಗ್ಬಿಟ್ಟಿದೆ." ಚಾಟ್‌ಬಾಟ್ ಅದನ್ನು ಕಳೆದುಹೋಗಿದೆ ಅಂತ ಅರ್ಥ ಮಾಡಿಕೊಂಡಿತ್ತು. ಅಂಗಡಿಯವರು ಹೇಳಿದ್ದು, "ಅಯ್ಯೋ, ಗಿರಾಕಿಗೆ ಮೆಸೇಜ್ ಹೋಗ್ಬಿಟ್ಟಿದೆಯಲ್ಲಪ್ಪಾ" ಅಂತ. ಹೋಗಬಾರದಿತ್ತು ಅನ್ನೋದೇ ದೂರು! ಮೊದಲೇ ಇಪ್ಪತ್ತು ನೋಟ್ಸ್ ಓದಿದ್ದರೆ ನನಗೇ ಗೊತ್ತಾಗುತ್ತಿತ್ತು ಅಲ್ವಾ? ಸೋಮಾರಿತನ ನನ್ನದು, ಚಾಟ್‌ಬಾಟನ್ನು ಬೈದು ಏನು ಪ್ರಯೋಜನ.

ಮಾರನೇ ವಾರ ಹನುಮಂತನಗರದ ಒಬ್ಬ ಅಂಗಡಿಯಮ್ಮನ ಹತ್ತಿರ ಬೆಳಗ್ಗೆ ಆರೂವರೆಗೆ ಹೋಗಿ ನಿಂತೆ. "ದಿನಾ ಹಾಲಿಗೆ ಬರೋರಿಗೆ ಮೆಸೇಜ್ ಕಳ್ಸಿದ್ರೆ ನಾಳೆಯಿಂದ ಎದುರಂಗಡಿಗೆ ಹೋಗ್ತಾರೆ ಕಣಪ್ಪ" ಅಂದರು. ಮತ್ತೆ ಬಾಕಿ ಹೇಗೆ ಕೇಳುತ್ತಾರೆ? ಕೇಳುವುದೇ ಇಲ್ಲ. ಉದ್ದನೆ ಪುಸ್ತಕದಲ್ಲಿ ಆ ಮನೆಯ ಪುಟ ತೆಗೆದು, ಹಾಲಿನ ಪ್ಯಾಕೆಟ್ ಪಕ್ಕ ಇಟ್ಟು, ಪುಸ್ತಕವನ್ನು ಮೆಲ್ಲಗೆ ಗಿರಾಕಿ ಕಡೆ ತಿರುಗಿಸುತ್ತಾರೆ. ಒಂದು ಮಾತಿಲ್ಲ. ನಾನಿದ್ದಷ್ಟು ಹೊತ್ತಿನಲ್ಲೇ ಇಬ್ಬರು ಫೋನ್ ತೆಗೆದು ಸ್ಕ್ಯಾನ್ ಮಾಡಿದರು. ಈಗ ನಮ್ಮ ರೋಡ್‌ಮ್ಯಾಪ್‌ನಲ್ಲಿ ಮೊದಲಿರುವುದು ಆ ತಿರುಗಿಸೋ ಪುಟವೇ. ಬಾಕಿ, ಪಕ್ಕದಲ್ಲಿ ಕ್ಯೂಆರ್, ಅಷ್ಟೇ ಇರುವ ಒಂದು ಸ್ಕ್ರೀನ್.

ಇದು ಎಲ್ಲೂ ಬರೆದಿಲ್ಲ, ಚಾಟ್‌ಬಾಟ್‌ಗೆ ಗೊತ್ತಾಗುವುದಾದರೂ ಹೇಗೆ? ಬರೆದಿಟ್ಟಿರುವ ಬುದ್ಧಿ ಬೇಕಾದರೆ ಎದುರಾಳಿ ಕಂಪನಿಯವರೂ ಅದನ್ನೇ ಕೇಳುತ್ತಾರೆ, ಹೆಚ್ಚುಕಡಿಮೆ ಅದೇ ಉತ್ತರ ಪಡೆಯುತ್ತಾರೆ.

ಯಾವ ಫೀಚರ್ ಮೊದಲು ಅಂತ ನೋಡೋಕೆ ರೈಸ್ (RICE) ಸ್ಕೋರ್ ಹಾಕಿಸುವಾಗಲೂ ಹುಷಾರು. ಎಷ್ಟು ಜನರಿಗೆ ತಲುಪುತ್ತದೆ, ಎಷ್ಟು ಪರಿಣಾಮ, ನಮಗೆ ಎಷ್ಟು ಖಾತ್ರಿ, ಈ ಮೂರನ್ನು ಗುಣಿಸಿ ಬೇಕಾಗುವ ಶ್ರಮದಿಂದ ಭಾಗಿಸುವ ಲೆಕ್ಕ ಅದು. ನೀವು ಅಂಕಿ ಕೊಡದಿದ್ದರೆ ಚಾಟ್‌ಬಾಟ್ ತಾನೇ ತುಂಬಿಬಿಡುತ್ತದೆ, ದಶಮಾಂಶದ ಸಮೇತ. ಇದೆಲ್ಲಿಂದ ಬಂತು ಅಂದರೆ, ಕ್ಷಮಿಸಿ, ಅಂದಾಜು ಅನ್ನುತ್ತದೆ.

ಹಾಗಂತ ನಾನು ಬಿಟ್ಟಿಲ್ಲ, ದಿನಾ ಬಳಸುತ್ತೇನೆ. ಆದರೆ ನನ್ನ ಐಡಿಯಾ ಹೇಗಿದೆ ಅಂತ ಮಾತ್ರ ಕೇಳುವುದಿಲ್ಲ. ಇವಕ್ಕೆ ಹೊಗಳುವ ಚಟ ಜಾಸ್ತಿ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐನವರೇ ತಮ್ಮ ಜಿಪಿಟಿ-4ಒ ಮಾಡೆಲ್‌ನ ಅಪ್‌ಡೇಟ್ ಒಂದನ್ನು, ಎಲ್ಲದಕ್ಕೂ ಹೂಂಗುಟ್ಟುತ್ತದೆ ಅಂತ, ವಾಪಸ್ ತೆಗೆದುಕೊಳ್ಳಬೇಕಾಯಿತು. ನಾನು ಕೇಳುವುದು ಹೀಗೆ: "ಈ ಫೀಚರ್ ಬಿಟ್ಟು ಆರು ತಿಂಗಳಾಗಿದೆ, ಮಕಾಡೆ ಮಲಗಿದೆ ಅಂದುಕೋ. ಹತ್ತು ಕಾರಣ ಕೊಡು." ಏಳು ಸುಮ್ನೆ ಇರುತ್ತವೆ, ಎರಡು ನಮಗೇ ಗೊತ್ತಿರುತ್ತವೆ. ಉಳಿದ ಒಂದು ರಾತ್ರಿ ನಿದ್ದೆ ಕೆಡಿಸುತ್ತದೆ. ಅದಕ್ಕೋಸ್ಕರ ಕೇಳಬೇಕು.

ಪಿಆರ್‌ಡಿ, ಅಂದರೆ ಫೀಚರ್ ಏನೇನು ಮಾಡಬೇಕು ಅನ್ನೋ ದಾಖಲೆ, ಬರೆದ ಮೇಲೆ ಬಿಟ್ಟುಹೋಗಿರುವುದನ್ನು ಹುಡುಕಿಸಲೂ ಒಳ್ಳೆಯದು. ಗಂಡ ಹೆಂಡತಿ ಇಬ್ಬರೂ ಒಂದೇ ನಂಬರ್ ಕೊಟ್ಟಿದ್ದರೆ? ಗಿರಾಕಿ ಬಾಕಿಗಿಂತ ಜಾಸ್ತಿ ಕಟ್ಟಿದರೆ? ಯುಪಿಐ ಪೆಂಡಿಂಗ್ ಅಂತ ನಿಂತರೆ? ಎರಡನೆಯದನ್ನು ನಾವು ಐದು ಜನ ನೋಡಿಯೂ ಬಿಟ್ಟಿದ್ದೆವು. ನೋಟ್ಸ್ ಈಗಲೂ ಹಾಕುತ್ತೇನೆ, ಆದರೆ ಪ್ರತಿ ತೀರ್ಮಾನದ ಕೆಳಗೆ ಮೂಲ ಸಾಲನ್ನು ಇದ್ದ ಹಾಗೇ ಕೊಡು ಅನ್ನುತ್ತೇನೆ, ಆ ಸಾಲುಗಳನ್ನು ನಾನೇ ಓದುತ್ತೇನೆ. ಹೆಸರು, ಫೋನ್ ನಂಬರ್ ಮೊದಲೇ ಅಳಿಸಿರುತ್ತೇನೆ. ಕಂಪನಿ ಅನುಮತಿ ಕೊಟ್ಟ ಖಾತೆ ಬಿಟ್ಟು ಬೇರೆ ಕಡೆ ಹಾಕಬೇಡಿ. ನೌಕರರು ಒಳಗಿನ ಕೋಡ್ ಹಾಕಿದರು ಅಂತ ಸ್ಯಾಮ್‌ಸಂಗ್ 2023ರಲ್ಲಿ ಇವುಗಳ ಬಳಕೆಯನ್ನೇ ನಿಲ್ಲಿಸಿತ್ತು.

ಅಂದ ಹಾಗೆ, ಆ ಹೊಸ ಸ್ಕ್ರೀನನ್ನು ಅಂಗಡಿಯಮ್ಮನಿಗೆ ಮೊದಲು ಕೊಟ್ಟೆವು. ಸಂಜೆ ಬಳಸುತ್ತಾರೆ. ಬೆಳಗ್ಗೆ ಹಾಲಿನ ಹೊತ್ತಿಗೆ ಇನ್ನೂ ಪುಸ್ತಕವೇ. ಕೈ ಒದ್ದೆ ಇರುತ್ತೆ, ಫೋನ್ ಮುಟ್ಟೋಕಾಗಲ್ಲ ಅಂದರು.