ಮೊಣಕಾಲ ಕೀಲು ಬದಲಿಸಿದ ಮ್ಯಾಲೆ ಎಷ್ಟು ಸುಧಾರಿಸೇತಿ ಅಂತ ಹೆಂಗ ಅಳೀತಾರ?

ಬಾಗಲಕೋಟಿಯಿಂದ ಕೇಳೀರಿ, ನೋವು ಕಡಿಮಿ ಆಗೇತಿ ಅಂತ ನಿಮ್ಮ ಅವ್ವಾರು ಹೇಳಿದ್ರೂ ಫಿಸಿಯೋದವ್ರು ಯಾಕ ಸ್ಟಾಪ್‌ವಾಚ್ ಹಿಡ್ಕೊಂಡು ನಡಸ್ತಾರ ಅಂತ. ನೋಡ್ರಿ, ನೋವು ಹೋದ್ರ ಪೇಷಂಟ್ ಎಲ್ಲಾ ಆರಾಮ ಅಂತ ಫಾರ್ಮ್ ತುಂಬಿಬಿಡ್ತಾರ, ಆದ್ರ ಮೊದಲ ತಿಂಗಳು ತೊಡಿ ಮುಂದಿನ ಸ್ನಾಯು ಭಾಳ ವೀಕ್ ಇರ್ತೈತಿ, ಎಷ್ಟೋ ಮಂದಿ ನಡಿಗಿ ಆಪರೇಷನ್‌ ಮೊದಲಿನಕಿಂತ ನಿಧಾನ ಆಗಿರ್ತೈತಿ, ಅದು ಬಾಯಿಮಾತಿನಾಗ ಸಿಗಂಗಿಲ್ಲ.

ಅದಕ್ಕ ಟಿಯುಜಿ (ಟೈಮ್ಡ್ ಅಪ್ ಅಂಡ್ ಗೋ, ಅಂದ್ರ ಎದ್ದು ನಡಿಯೋ ಹೊತ್ತು ಅಳಿಯೋ) ಟೆಸ್ಟ್ ಮಾಡ್ತಾರ, ಕುರ್ಚಿಯಿಂದ ಎದ್ದು 3 ಮೀಟರ್ ನಡದು ತಿರುಗಿ ಬಂದು ಕೂಡಬೇಕು, ಎಷ್ಟು ಸೆಕೆಂಡ್ ಹಿಡೀತು ಅಂತ ಬರ್ಕೋತಾರ. ಕೈ ಎದಿ ಮ್ಯಾಲೆ ಕಟ್ಟಿ 30 ಸೆಕೆಂಡ್‌ದಾಗ ಎಷ್ಟು ಸಲ ಎದ್ದು ಕೂಡ್ತಾರ ಅನ್ನೋದೊಂದು. 6 ನಿಮಿಷದ ನಡಿಗಿ, ಮೆಟ್ಟಲ ಹತ್ತೋದೂ ಐತಿ. ಕಾಲು ಎಷ್ಟು ಮಡಚತೈತಿ ಅಂತ ಕೋನ ಅಳಿಯೋ ಸಾಧನ ಆದ ಗೋನಿಯೋಮೀಟರ್‌ಲೆ ನೋಡ್ತಾರ.

ಫಾರ್ಮ್ ಬ್ಯಾಡ ಅಂತಲ್ಲ ಮತ್ತ. ಮೊಣಕಾಲ ನೋವು, ಓಡಾಟದ ಬಗ್ಗೆ ಪೇಷಂಟ್ ತುಂಬೋ ಆಕ್ಸ್‌ಫರ್ಡ್ ನೀ ಸ್ಕೋರ್‌ದಾಗ 12 ಪ್ರಶ್ನೆ, 48ಕ್ಕ ಲೆಕ್ಕ, ಜಾಸ್ತಿ ಬಂದಷ್ಟು ಚಲೋ. ಆದ್ರ ನಮ್ಮ ಕಡೆ ನೆಲಕ್ಕ ಕುಂತು ರೊಟ್ಟಿ ಬಡಿಯೋದು ಅದರಾಗ ಎಲ್ಲಿ ಐತ್ರಿ!

ಪ್ರತಿ ಸಲ ಅದ ಎತ್ತರದ ಕುರ್ಚಿ ಇರ್ಲಿ, ಇಲ್ಲಂದ್ರ ಹೋದ ಸಲದ ಜೋಡಿ ಹೋಲಿಸಾಕ ಬರಂಗಿಲ್ಲ. ಮನ್ಯಾಗ ಮಾಡ್ಸೋದಾದ್ರ ಫಿಸಿಯೋದವ್ರನ್ನ ಕೇಳಿ ಮಾಡ್ರಿ, ಒಬ್ರು ಬಾಜುಕ ನಿಂದರ್ರಿ.