ಬಿಲ್ಡ್ ಕೆಂಪಾದರೆ ತಪ್ಪು ಯಾರದು? ಓಪನ್‌ಕ್ಯೂಎ ಬಗ್ಗೆ ಓದುಗರ ಪ್ರಶ್ನೆಗಳು

ಲಿನಕ್ಸ್ ವಿತರಣೆಗಳ ಅಭಿವೃದ್ಧಿ ಹಂತದ ಬಿಲ್ಡ್‌ಗಳನ್ನು, ಅಂದರೆ ಕೋಡಿನಿಂದ ಆಗಷ್ಟೇ ಕಟ್ಟಿದ ಪ್ರತಿಗಳನ್ನು, ಓಪನ್‌ಕ್ಯೂಎ ಎಂಬ ಉಪಕರಣದ ಮೂಲಕ ಯಂತ್ರದಿಂದಲೇ ಪರೀಕ್ಷಿಸುವ ಬಗ್ಗೆ ಬಂದ ಪತ್ರಗಳಲ್ಲಿ ಏಳನ್ನು ಈ ಬಾರಿ ಆರಿಸಿಕೊಂಡಿದ್ದೇವೆ. ಪರೀಕ್ಷೆ ಪಾಸಾದರೆ ಹಸಿರು, ಸೋತರೆ ಕೆಂಪು. ಕಂಪ್ಯೂಟರಿನಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡುವ ಆದೇಶಗಳ ಹೆಸರನ್ನೂ ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲೇ ಕೊಟ್ಟಿದ್ದೇವೆ.

ಓಪನ್‌ಸೂಸೆ ಟಂಬಲ್‌ವೀಡ್ ಎಂಬ ಲಿನಕ್ಸ್ ವಿತರಣೆ ಬಳಸುತ್ತಿದ್ದೇನೆ. ವಾರದಲ್ಲಿ ಹಲವು ಸಲ ಅಪ್‌ಡೇಟ್ ಬರುತ್ತದೆ, ಒಮ್ಮೊಮ್ಮೆ ನೂರಾರು ಪ್ಯಾಕೇಜು ಬದಲಾಗುತ್ತವೆ. ಇಷ್ಟನ್ನೂ ಯಾರು ಕೂತು ಪರೀಕ್ಷಿಸುತ್ತಾರೆ? – ಬಿಸಿಎ ವಿದ್ಯಾರ್ಥಿ, ಧಾರವಾಡ

ಬಹುಪಾಲು ಯಾರೂ ಕೂರುವುದಿಲ್ಲ, ಓಪನ್‌ಕ್ಯೂಎ ಮಾಡುತ್ತದೆ. ಪ್ಯಾಕೇಜಿನ ಹೊಸ ಆವೃತ್ತಿ ಮೊದಲು ಫ್ಯಾಕ್ಟರಿ ಎಂಬ ಅಭಿವೃದ್ಧಿ ಶಾಖೆಗೆ ಕೋರಿಕೆಯಾಗಿ ಬರುತ್ತದೆ. ಮೂಲ ವ್ಯವಸ್ಥೆಗೆ ಸೇರಿದ ಪ್ಯಾಕೇಜಾದರೆ ಅದನ್ನು ನೇರವಾಗಿ ಒಳಗೆ ಬಿಡುವುದಿಲ್ಲ. ಸ್ಟೇಜಿಂಗ್ ಎಂಬ ಪ್ರತ್ಯೇಕ ಜಾಗದಲ್ಲಿ ಅದನ್ನು ಸೇರಿಸಿ ಚಿಕ್ಕದೊಂದು ಐಎಸ್‌ಒ (ಇನ್‌ಸ್ಟಾಲ್ ಮಾಡಲು ಬೇಕಾದ ಡಿಸ್ಕಿನ ಪ್ರತಿ) ಕಟ್ಟಿ, ಇನ್‌ಸ್ಟಾಲ್ ಮಾಡಿಸಿ ನೋಡುತ್ತಾರೆ. ಅಲ್ಲಿ ಪಾಸಾದದ್ದು ಫ್ಯಾಕ್ಟರಿ ಸೇರುತ್ತದೆ. ಇಡೀ ವಿತರಣೆ ಕಟ್ಟಿ ಮುಗಿದ ಮೇಲೆ ಇನ್ನೊಂದು, ಬಹಳ ದೊಡ್ಡ ಸುತ್ತಿನ ಪರೀಕ್ಷೆ. ಅದರ ಫಲಿತಾಂಶ ನೋಡಿ ಬಿಡುಗಡೆ ತಂಡ ಒಪ್ಪಿದರಷ್ಟೇ 20240328 ಎಂಬಂತೆ ದಿನಾಂಕವನ್ನೇ ಹೆಸರಾಗಿ ಹೊತ್ತ ಸ್ನ್ಯಾಪ್‌ಶಾಟ್ ನಿಮ್ಮ ಕೈಗೆ ಬರುತ್ತದೆ. ಫೆಡೋರಾದವರು ರಾಹೈಡ್ ಎಂಬ ತಮ್ಮ ಅಭಿವೃದ್ಧಿ ಶಾಖೆಯ ಬಿಲ್ಡ್‌ಗಳಿಗೆ ಇದೇ ಉಪಕರಣವನ್ನು ಬಳಸುತ್ತಾರೆ. ಡೆಬಿಯನ್ ಯೋಜನೆಯಲ್ಲೂ ಇದರ ಬಳಕೆ ಇದೆ.

ಓಪನ್‌ಕ್ಯೂಎ ನೋಡುವುದು ಪರದೆಯನ್ನು. ಕ್ಯೂಎಮು ವರ್ಚುವಲ್ ಯಂತ್ರದಲ್ಲಿ ಐಎಸ್‌ಒ ಬೂಟ್ ಮಾಡಿ, ದೂರದ ಪರದೆ ತೋರಿಸುವ ವಿಎನ್‌ಸಿ ಮೂಲಕ 1024×768ರ ಚಿತ್ರ ತೆಗೆದುಕೊಂಡು, ಅದರಲ್ಲಿ ತನಗೆ ಬೇಕಾದ ಗುರುತು ಇದೆಯೇ ಎಂದು ಓಪನ್‌ಸಿವಿ ಎಂಬ ಚಿತ್ರ ಹೋಲಿಸುವ ತಂತ್ರಾಂಶದ ಸಹಾಯದಿಂದ ಹುಡುಕುತ್ತದೆ. ಸಿಕ್ಕರೆ ಮುಂದಿನ ಕೀಲಿ ಒತ್ತುತ್ತದೆ. ಆ ಗುರುತಿನ ಹೆಸರೇ ನೀಡಲ್: ಒಂದು ಪಿಎನ್‌ಜಿ ಚಿತ್ರ, ಜೊತೆಗೆ ಆ ಚಿತ್ರದ ಯಾವ ಚೌಕವನ್ನು ಹೋಲಿಸಬೇಕು, ಎಷ್ಟು ಶೇಕಡಾ ಹೊಂದಬೇಕು ಎಂದು ಬರೆದ ಜೇಸನ್ ಕಡತ. ಶೇಕಡಾ ಬರೆಯದೆ ಬಿಟ್ಟರೆ 96 ಎಂದು ಲೆಕ್ಕ. ಪರೀಕ್ಷೆಯ ಹೆಜ್ಜೆಗಳನ್ನು ಸಾಮಾನ್ಯವಾಗಿ ಪರ್ಲ್‌ನಲ್ಲಿ ಬರೆಯುತ್ತಾರೆ.

ನಿನ್ನೆಯ ಬಿಲ್ಡ್‌ನಲ್ಲಿ ಪಾಸಾಗಿದ್ದ ಪರೀಕ್ಷೆ ಇಂದು ಫೇಲ್ ಆಗಿದೆ. ಓಎಸ್ ಕೆಟ್ಟಿದೆಯೋ, ಪರೀಕ್ಷೆಯೇ ಕೆಟ್ಟಿದೆಯೋ ಹೇಗೆ ತಿಳಿಯುವುದು? – ಸಾಫ್ಟ್‌ವೇರ್ ಟೆಸ್ಟರ್, ಮೈಸೂರು

ಮೊದಲು ಫಲಿತಾಂಶದ ಹೆಸರನ್ನು ಗಮನಿಸಿ. 'ಫೇಲ್ಡ್' ಎಂದಿದ್ದರೆ ಪರೀಕ್ಷೆ ನಡೆದು ಸೋತಿದೆ. 'ಇನ್‌ಕಂಪ್ಲೀಟ್' ಎಂದಿದ್ದರೆ ಪರೀಕ್ಷೆ ಕೊನೆ ಮುಟ್ಟಲೇ ಇಲ್ಲ: ವರ್ಕರ್ (ಪರೀಕ್ಷೆ ಓಡಿಸುವ ಪ್ರಕ್ರಿಯೆ) ಬಿದ್ದಿದೆ, ಡಿಸ್ಕ್ ತುಂಬಿದೆ, ಐಎಸ್‌ಒ ಕಡತ ಸಿಕ್ಕಿಲ್ಲ, ಇಂಥದ್ದೇನೋ. ಎರಡನೆಯದಕ್ಕೆ ಓಎಸ್ ಮೇಲೆ ಬಗ್ ಹಾಕಬೇಡಿ. ಆಟೋಇನ್‌ಸ್ಟ್ ಲಾಗ್ ಕಡತದ ಕೊನೆಯ ಐವತ್ತು ಸಾಲು ಓದಿದರೆ ಸಾಮಾನ್ಯವಾಗಿ ಕಾರಣ ಅಲ್ಲೇ ಇರುತ್ತದೆ.

ನಿಜವಾಗಿ ಫೇಲ್ ಆಗಿದ್ದರೆ ಓಪನ್‌ಸೂಸೆಯವರ ಓಪನ್‌ಕ್ಯೂಎ ಇನ್ವೆಸ್ಟಿಗೇಟ್ ಎಂಬ ಸ್ಕ್ರಿಪ್ಟಿನ ದಾರಿ ಹಿಡಿಯಿರಿ. ಈ ಇಡೀ ವಿಷಯದಲ್ಲಿ ನಮಗೆ ಅತ್ಯಂತ ಉಪಯುಕ್ತವೆನಿಸಿದ್ದು ಇದೇ. ಸೋತ ಕೆಲಸವನ್ನು ಅದು ನಾಲ್ಕು ರೀತಿಯಲ್ಲಿ ಮತ್ತೆ ಓಡಿಸುತ್ತದೆ. ಏನನ್ನೂ ಬದಲಿಸದೆ ಒಮ್ಮೆ. ಈಗಿನ ಬಿಲ್ಡ್ ಮೇಲೆ ಹಿಂದೆ ಪಾಸಾಗಿದ್ದ ಪರೀಕ್ಷಾ ಕೋಡ್ ಇಟ್ಟು ಒಮ್ಮೆ. ಹಿಂದೆ ಪಾಸಾಗಿದ್ದ ಬಿಲ್ಡ್ ಮೇಲೆ ಈಗಿನ ಕೋಡ್ ಇಟ್ಟು ಒಮ್ಮೆ. ಎರಡೂ ಹಳೆಯವೇ ಆಗಿ ಒಮ್ಮೆ.

ಏನೂ ಬದಲಿಸದ ಓಟ ಪಾಸಾದರೆ ಪರೀಕ್ಷೆ ಆಗೊಮ್ಮೆ ಈಗೊಮ್ಮೆ ಮುಗ್ಗರಿಸುವ ಜಾತಿಯದು. ಹಳೆಯ ಕೋಡ್ ಇಟ್ಟಾಗ ಪಾಸಾದರೆ ತಪ್ಪು ಹೊಸ ಪರೀಕ್ಷಾ ಕೋಡಿನದು. ಹಳೆಯ ಬಿಲ್ಡ್ ಮೇಲಷ್ಟೇ ಪಾಸಾದರೆ ಓಎಸ್ ಕೆಟ್ಟಿದೆ. ಎರಡು ಬಿಲ್ಡ್‌ಗಳ ನಡುವೆ ಬದಲಾದ ಪ್ಯಾಕೇಜುಗಳ ಪಟ್ಟಿ ತೆಗೆದುಕೊಂಡು ಕೂರಿ. ಎರಡೂ ಹಳೆಯವಾದರೂ ಸೋಲುತ್ತಿದ್ದರೆ ನೆಟ್‌ವರ್ಕ್, ಮಿರರ್, ವರ್ಕರ್ ಯಂತ್ರ, ಹೀಗೆ ಹೊರಗಡೆ ಹುಡುಕಿ. ಸ್ಕ್ರಿಪ್ಟ್ ಇಲ್ಲದಿದ್ದರೂ ಓಪನ್‌ಕ್ಯೂಎ ಕ್ಲೋನ್ ಜಾಬ್ ಆದೇಶದಿಂದ ಈ ನಾಲ್ಕನ್ನೂ ಕೈಯಲ್ಲೇ ಮಾಡಬಹುದು. ನಾಲ್ಕೂ ಮುಗಿಯುವ ಮುನ್ನ ಬಗ್ ವರದಿ ಬರೆಯಲು ಅವಸರ ಬೇಡ.

ನನ್ನ ಪರೀಕ್ಷೆ ನಾಲ್ಕು ಸಲ ಪಾಸಾಗಿ ಐದನೇ ಸಲ ಸೋಲುತ್ತದೆ. ವಿಡಿಯೊ ನೋಡಿದರೆ ಟರ್ಮಿನಲ್‌ನಲ್ಲಿ ಟೈಪಾದ ಆದೇಶದ ಮೊದಲ ಎರಡು ಅಕ್ಷರಗಳೇ ಇಲ್ಲ! – ಬೆಂಗಳೂರು

ಕಿಟಕಿ ಕಣ್ಣಿಗೆ ಬಿದ್ದ ಕ್ಷಣಕ್ಕೂ ಅದು ಕೀಬೋರ್ಡಿನ ಒತ್ತನ್ನು ಸ್ವೀಕರಿಸುವ ಕ್ಷಣಕ್ಕೂ ಅಂತರವಿದೆ. ಮನುಷ್ಯ ಆ ಅಂತರದಲ್ಲಿ ಕೈಯನ್ನು ಕೀಬೋರ್ಡಿಗೆ ತರುತ್ತಿರುತ್ತಾನೆ. ಯಂತ್ರ ಅಷ್ಟರಲ್ಲಿ ಎರಡು ಅಕ್ಷರ ಕಳಿಸಿ ಆಗಿರುತ್ತದೆ. ಆ ಎರಡು ಹಿಂದಿನ ಕಿಟಕಿಗೆ ಹೋದವು, ಇಲ್ಲವೇ ಎಲ್ಲಿಗೂ ಹೋಗಲಿಲ್ಲ.

ಇದಕ್ಕೆ 'ಸ್ಲೀಪ್ 10' ಸೇರಿಸುವುದು ಬಹಳ ಜನ ಮಾಡುವ ತಪ್ಪು. ಯಂತ್ರ ಖಾಲಿ ಇದ್ದಾಗ ಹತ್ತು ಸೆಕೆಂಡು ವ್ಯರ್ಥ, ಹೊರೆ ಹೆಚ್ಚಿದ್ದಾಗ ಹತ್ತೂ ಸಾಲದು. ಅದರ ಬದಲು ನೀಡಲ್ ಚೌಕವನ್ನು ಕಿಟಕಿಯ ಶೀರ್ಷಿಕೆಯ ಮೇಲಲ್ಲ, ಶೆಲ್ ಪ್ರಾಂಪ್ಟ್ (ಆದೇಶಕ್ಕೆ ಕಾಯುವ ಗುರುತು) ಮೇಲೆ ಇಡಿ. ಪ್ರಾಂಪ್ಟ್ ಬಂದಿದೆ ಎಂದರೆ ಶೆಲ್ ಸಿದ್ಧವಿದೆ. ಚಿತ್ರಾತ್ಮಕ ಕಿಟಕಿಯಾದರೆ ನೀಡಲ್ ಕಾಣುವವರೆಗೆ ಕಾಯುವ ಅಸರ್ಟ್ ಸ್ಕ್ರೀನ್ ಆದ ಮೇಲೆ ವೇಟ್ ಸ್ಟಿಲ್ ಸ್ಕ್ರೀನ್ ಕರೆಯಿರಿ. ಅನಿಮೇಶನ್ ನಿಂತ ಮೇಲಷ್ಟೇ ಮುಂದೆ ಹೋಗುತ್ತದೆ. ಆದರೆ ಮಿನುಗುವ ಕರ್ಸರ್ ಇರುವ ಕಡೆ ಅದನ್ನು ನೆಚ್ಚಿಕೊಳ್ಳಬೇಡಿ. ಟೈಪಿಂಗ್ ವೇಗ ನಿರ್ಧರಿಸುವ ಮ್ಯಾಕ್ಸ್ ಇಂಟರ್ವಲ್ ಸಾಮಾನ್ಯವಾಗಿ 250 ಇರುತ್ತದೆ. ಸಂಖ್ಯೆ ಇಳಿದಷ್ಟೂ ಟೈಪಿಂಗ್ ನಿಧಾನ. ತೊಂದರೆ ಕೊಡುವ ಜಾಗದಲ್ಲಿ ಮಾತ್ರ 20ಕ್ಕೆ ಇಳಿಸಿ ನೋಡಿ.

ನೀವು ಪರೀಕ್ಷಿಸುತ್ತಿರುವುದು ಟರ್ಮಿನಲ್ ತಂತ್ರಾಂಶವನ್ನೇ ಅಲ್ಲವಾದರೆ ಪರದೆಯ ಮೇಲೆ ಟೈಪ್ ಮಾಡಿಸುವುದೇ ಬೇಡ. ಬರಹ ಮಾತ್ರ ಹಾಯುವ ಸೀರಿಯಲ್ ಟರ್ಮಿನಲ್‌ಗೆ ಹೋಗಿ ಅಸರ್ಟ್ ಸ್ಕ್ರಿಪ್ಟ್ ರನ್ ಬಳಸಿ. ಆದೇಶ ಮುಗಿದಾಗ ಅದರ ನಿರ್ಗಮನ ಸಂಕೇತ (ಗೆದ್ದಿತೇ ಸೋತಿತೇ ಎಂದು ಹೇಳುವ ಸಂಖ್ಯೆ) ಸೀರಿಯಲ್ ಸಾಲಿನಲ್ಲಿ ಬರುತ್ತದೆ. ಚಿತ್ರ ಹೋಲಿಕೆಯೂ ಬೇಡ, ಕಳೆದುಹೋದ ಅಕ್ಷರಗಳ ಚಿಂತೆಯೂ ಇಲ್ಲ. ಇದರ ಕಾಯುವ ಮಿತಿ 90 ಸೆಕೆಂಡು ಎಂಬುದು ನೆನಪಿರಲಿ. ನೂರಾರು ಪ್ಯಾಕೇಜಿನ ಅಪ್‌ಡೇಟ್‌ಗೆ ಅದು ಸಾಲದು. ಆ ಸಾಲಿಗೆ ಮಾತ್ರ 1800 ಕೊಡಿ.

ಐದರಲ್ಲೊಮ್ಮೆ ಸುಳ್ಳು ಹೇಳುವ ಪರೀಕ್ಷೆಯನ್ನು ಹಾಗೇ ಉಳಿಸಿಕೊಂಡರೆ ಜನ 'ರೀಸ್ಟಾರ್ಟ್' ಒತ್ತುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ನಿಜವಾದ ಬಗ್ ಬಂದ ದಿನವೂ ಅದನ್ನೇ ಒತ್ತುತ್ತಾರೆ. ಸರಿಪಡಿಸಲು ಸಮಯವಿಲ್ಲದಿದ್ದರೆ ಅದನ್ನು ಬಿಡುಗಡೆ ತಡೆಯುವ ಗುಂಪಿನಿಂದ ಅಭಿವೃದ್ಧಿ ಗುಂಪಿಗೆ ಇಂದೇ ಸರಿಸಿ.

ವಾಲ್‌ಪೇಪರ್ ಬದಲಾದದ್ದಕ್ಕೆ ನಮ್ಮ ಅರ್ಧ ಪರೀಕ್ಷೆಗಳು ಕೆಂಪಾದವು. ಹೊಂದಾಣಿಕೆಯ ಶೇಕಡಾವನ್ನು 70ಕ್ಕೆ ಇಳಿಸಿದರೆ ಆಗದೇ? – ಹುಬ್ಬಳ್ಳಿ

ಆಗದು. 70ಕ್ಕೆ ಇಳಿಸಿದ ನೀಡಲ್ ಮಸುಕಾದ 'ಮುಂದೆ' ಗುಂಡಿಯನ್ನೂ ಒತ್ತಲು ಸಿದ್ಧವಾದ ಗುಂಡಿ ಎಂದೇ ಒಪ್ಪಿಕೊಳ್ಳಬಹುದು. ಆಗ ಪರೀಕ್ಷೆ ಹಸಿರಾಗುತ್ತದೆ, ಬಗ್ ಒಳಗೇ ಉಳಿಯುತ್ತದೆ. ಚೌಕವನ್ನು ಚಿಕ್ಕದು ಮಾಡಿ: ಗುಂಡಿಯ ಬರಹ ಮತ್ತು ಅದರ ಅಂಚು ಸಾಕು, ಹಿಂದಿನ ಚಿತ್ರ ಬೇಡ. ದೊಡ್ಡ ಚೌಕವೇ ಬೇಕಾಗಿ ಅದರೊಳಗೆ ಗಡಿಯಾರವೋ ಪ್ರಗತಿಪಟ್ಟಿಯೋ ಇದ್ದರೆ ಆ ಭಾಗದ ಮೇಲೆ 'ಎಕ್ಸ್‌ಕ್ಲೂಡ್' ಚೌಕ ಹಾಕಿ. ಫಾಂಟ್ ರೆಂಡರಿಂಗ್ ಬದಲಾಗಿದ್ದರೆ ಹಳೆಯ ನೀಡಲ್ ಅಳಿಸದೆ ಅದೇ ಟ್ಯಾಗಿನಲ್ಲಿ (ಪರೀಕ್ಷೆ ನೀಡಲನ್ನು ಹುಡುಕುವ ಹೆಸರಿನಲ್ಲಿ) ಎರಡನೆಯದನ್ನು ಸೇರಿಸಿ. ಒಂದೇ ಟ್ಯಾಗಿಗೆ ಎಷ್ಟು ನೀಡಲ್ ಬೇಕಾದರೂ ಇರಬಹುದು, ಒಂದು ಹೊಂದಿದರೆ ಸಾಕು. ಯಾವುದಕ್ಕೂ ಹೊಂದದೆ ಹಳತಾದವನ್ನು ಆರು ತಿಂಗಳಿಗೊಮ್ಮೆ ತೆಗೆದುಹಾಕಿ.

ಕಾಲೇಜು ಲ್ಯಾಬಿನಲ್ಲಿ ಇದನ್ನು ನಿಲ್ಲಿಸಲು ಎಂಥ ಯಂತ್ರ ಬೇಕು? – ಉಪನ್ಯಾಸಕಿ, ತುಮಕೂರು

16 ಜಿಬಿ ಮೆಮೊರಿ, ನಾಲ್ಕು ಕೋರ್, 512 ಜಿಬಿ ಎಸ್‌ಎಸ್‌ಡಿ ಇರುವ ಒಂದು ಡೆಸ್ಕ್‌ಟಾಪಿನಲ್ಲಿ ಎರಡು ವರ್ಕರ್ ನೆಮ್ಮದಿಯಾಗಿ ಓಡುತ್ತವೆ. ಕ್ಯೂಎಮು ರ‍್ಯಾಮ್ ಎಂಬ ಚರಾಂಶಕ್ಕೆ 4096 ಕೊಡಿ. ಏನೂ ಕೊಡದಿದ್ದರೆ 1024 ಎಂದೇ ಹಿಡಿಯುತ್ತದೆ, ಇಂದಿನ ಡೆಸ್ಕ್‌ಟಾಪ್‌ಗೆ ಅದು ಏನೇನೂ ಸಾಲದು. ಮೂರನೇ ವರ್ಕರ್ ಆಸೆಗೆ ಬೀಳಬೇಡಿ. ಸಿಪಿಯು ಉಸಿರುಗಟ್ಟಿದಾಗ ಮೂರನೇ ಪ್ರಶ್ನೆಯಲ್ಲಿ ಹೇಳಿದ 'ಐದರಲ್ಲೊಮ್ಮೆ' ಸೋಲುಗಳು ಶುರುವಾಗುತ್ತವೆ.

ಟಂಬಲ್‌ವೀಡ್ ಅಥವಾ ಲೀಪ್ ಮೇಲೆ ಓಪನ್‌ಕ್ಯೂಎ ಬೂಟ್‌ಸ್ಟ್ರ್ಯಾಪ್ ಎಂಬ ಸ್ಕ್ರಿಪ್ಟ್ ಪೋಸ್ಟ್‌ಗ್ರೆಸ್, ವೆಬ್ ಪುಟ, ವರ್ಕರ್ ಎಲ್ಲವನ್ನೂ ಒಟ್ಟಿಗೆ ಹೊಂದಿಸುತ್ತದೆ. ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಆಗಿರಲೇಬೇಕು. ಅದನ್ನು ಬಳಸಿಕೊಳ್ಳುವ ಕೆವಿಎಂ ಇಲ್ಲದೆ ಓಡಿಸಿದರೆ ಪರೀಕ್ಷೆ ಎಷ್ಟು ನಿಧಾನವೆಂದರೆ ಸೋಲುಗಳೆಲ್ಲ ಸಮಯ ಮೀರಿದ್ದೇ ಆಗಿರುತ್ತವೆ. ಕೆಲಸ 'ಶೆಡ್ಯೂಲ್ಡ್' ಎಂದೇ ಗಂಟೆಗಟ್ಟಲೆ ನಿಂತಿದ್ದರೆ ವರ್ಕರ್ ಕ್ಲಾಸ್ ಎಂಬ ಚರಾಂಶ ಕೆಲಸ ಮತ್ತು ವರ್ಕರ್ ಎರಡೂ ಕಡೆ ಒಂದೇ ಇದೆಯೇ ನೋಡಿ, ಆಮೇಲೆ ಕ್ಲೈಂಟ್ ಕಾನ್ಫ್ ಕಡತದಲ್ಲಿ ಎಪಿಐ ಕೀಲಿ ಸರಿಯಿದೆಯೇ ನೋಡಿ. ಡಿಸ್ಕ್ ಬೇಗ ತುಂಬುವುದು ಐಎಸ್‌ಒ ಮತ್ತು ಪ್ರಕಟಿಸಿದ ಡಿಸ್ಕ್ ಚಿತ್ರಗಳಿಂದ. ಗುಂಪಿನ ಆಸೆಟ್ ಮಿತಿಯನ್ನು (ಇಂಥ ಕಡತಗಳಿಗೆ ಬಿಟ್ಟ ಜಾಗವನ್ನು) ಮೊದಲ ದಿನವೇ ನಿಮ್ಮ ಡಿಸ್ಕಿಗೆ ತಕ್ಕಂತೆ ಇಳಿಸಿ.

ಎಲ್ಲ ಪರೀಕ್ಷೆ ಹಸಿರಾದ ಸ್ನ್ಯಾಪ್‌ಶಾಟ್ ಹಾಕಿಕೊಂಡೆ, ನನ್ನ ಲ್ಯಾಪ್‌ಟಾಪಿನಲ್ಲಿ ವೈಫೈ ಹೋಯಿತು. – ಉಡುಪಿ

ಪರೀಕ್ಷೆಗಳ ಬಹುಪಾಲು ಕ್ಯೂಎಮು ಕೊಡುವ ಕೃತಕ ನೆಟ್‌ವರ್ಕ್ ಕಾರ್ಡಿನ ಮೇಲೆ ನಡೆದದ್ದು. ನಿಮ್ಮ ವೈಫೈ ಚಿಪ್, ಮಲಗಿ ಏಳುವ ನಡತೆ, ಗ್ರಾಫಿಕ್ಸ್ ಡ್ರೈವರ್ ಅಲ್ಲಿ ಇರುವುದಿಲ್ಲ. ಸರ್ವರನ್ನು ದೂರದಿಂದ ನಿಯಂತ್ರಿಸುವ ಐಪಿಎಂಐ ಮೂಲಕ ನಿಜವಾದ ಸರ್ವರುಗಳನ್ನೂ ಓಡಿಸಬಹುದು, ಆದರೆ ಪ್ರತಿ ಲ್ಯಾಪ್‌ಟಾಪನ್ನು ಅಲ್ಲ. ಹಸಿರಿಗೆ ಇನ್ನೊಂದು ಮಿತಿಯೂ ಇದೆ: ಕೇಳಿದ ಪ್ರಶ್ನೆಗಷ್ಟೇ ಅದು ಉತ್ತರ. 2024ರ ಮಾರ್ಚ್ 7ರಿಂದ 28ರವರೆಗೆ ಟಂಬಲ್‌ವೀಡ್‌ನಲ್ಲಿ ಹಿಂಬಾಗಿಲು ಅಡಗಿಸಿದ್ದ ಎಕ್ಸ್‌ಜೆಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶ ಇತ್ತು, ಪರೀಕ್ಷೆಗಳನ್ನು ದಾಟಿಯೇ ಬಂದಿತ್ತು. ಅದು ಬಯಲಾದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೆವಲಪರ್ ಡೆಬಿಯನ್ ಯಂತ್ರದಲ್ಲಿ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಬೆನ್ನುಹತ್ತಿದ್ದರಿಂದ.

ಈಗ ನಿಮ್ಮ ದಾರಿ: ಬೂಟ್ ಮೆನುವಿನಲ್ಲಿ ಅಪ್‌ಡೇಟ್‌ಗೆ ಮುಂಚಿನ, ಓದಲಷ್ಟೇ ಬರುವ ಸ್ನ್ಯಾಪ್‌ಶಾಟ್ (ಇದು ಬಿಡುಗಡೆಯಲ್ಲ, ನಿಮ್ಮ ಯಂತ್ರವೇ ಉಳಿಸಿಟ್ಟ ಹಿಂದಿನ ಸ್ಥಿತಿ) ಆರಿಸಿ. ವೈಫೈ ಬಂದರೆ ಸುಡೊ ಜೊತೆ ಸ್ನ್ಯಾಪರ್ ರೋಲ್‌ಬ್ಯಾಕ್ ಕೊಟ್ಟು ಮತ್ತೆ ಬೂಟ್ ಮಾಡಿ. ಬಿಟಿಆರ್‌ಎಫ್‌ಎಸ್ ಕಡತ ವ್ಯವಸ್ಥೆಯ ಮೇಲೆ ಸಾಮಾನ್ಯ ರೀತಿಯಲ್ಲಿ ಇನ್‌ಸ್ಟಾಲ್ ಮಾಡಿದ್ದರೆ ಇದು ಕೆಲಸ ಮಾಡುತ್ತದೆ. ಹೋಮ್ ಒಳಗಿನ ನಿಮ್ಮ ಕಡತಗಳಿಗೆ ಏನೂ ಆಗುವುದಿಲ್ಲ. ಬಗ್ ವರದಿಯಲ್ಲಿ ಕೆಲಸ ಮಾಡುತ್ತಿದ್ದ ಟಂಬಲ್‌ವೀಡ್ ಸ್ನ್ಯಾಪ್‌ಶಾಟ್ ದಿನಾಂಕ, ಕೆಟ್ಟದ್ದರ ದಿನಾಂಕ, ವೈಫೈ ಚಿಪ್‌ನ ಹೆಸರು ಮೂರೂ ಇರಲಿ.

ಹೊಸ ಬಿಲ್ಡ್‌ಗಳಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆಯೇ ಎಂದು ಯಂತ್ರದಿಂದಲೇ ಪರೀಕ್ಷಿಸಬಹುದೇ? – ಪುಣೆಯಲ್ಲಿರುವ ಕನ್ನಡಿಗರು

ಖಂಡಿತ. ಆದರೆ ಕನ್ನಡ ಬರಹದ ನೀಡಲ್ ಇಟ್ಟು ಶುರುಮಾಡಬೇಡಿ. ಅಕ್ಷರ ಬಿಡಿಸುವ ಫ್ರೀಟೈಪ್ ಅಥವಾ ಫಾಂಟ್ ಸ್ವಲ್ಪ ಬದಲಾದರೂ ಅಕ್ಷರದ ಅಂಚುಗಳು ಬದಲಾಗಿ ಪರೀಕ್ಷೆ ಸೋಲುತ್ತದೆ, ಕನ್ನಡ ಮಾತ್ರ ಚೆನ್ನಾಗಿಯೇ ಇರುತ್ತದೆ. ಪರದೆಗೆ ಹೋಗುವ ಮುನ್ನ ಎರಡು ಹೆಜ್ಜೆ ಇಡಿ.

ಒಂದು, ಎಫ್‌ಸಿ ಮ್ಯಾಚ್ ಆದೇಶಕ್ಕೆ ಭಾಷೆ ಕೆಎನ್ ಎಂದು ಕೊಟ್ಟು ಯಾವ ಫಾಂಟ್ ಬರುತ್ತದೆ ನೋಡಿ; ಕನ್ನಡವೇ ಇಲ್ಲದ ಫಾಂಟ್ ಬಂದರೆ ಅಲ್ಲೇ ಫೇಲ್ ಮಾಡಿ. ಎರಡು, ಅಕ್ಷರ ಜೋಡಿಸುವ ಹಾರ್ಫ್‌ಬಝ್ ತಂತ್ರಾಂಶದ ಜೊತೆ ಬರುವ ಎಚ್‌ಬಿ ಶೇಪ್‌ಗೆ ಆ ಫಾಂಟ್ ಕಡತವನ್ನೂ ಕೆಲವು ಪದಗಳನ್ನೂ ಕೊಡಿ. ಅದು ಚಿತ್ರದ ಬದಲು ಗ್ಲಿಫ್‌ಗಳ (ಫಾಂಟಿನೊಳಗಿನ ಅಕ್ಷರಚಿತ್ರಗಳ) ಹೆಸರನ್ನು ಸಾಲಾಗಿ ಮುದ್ರಿಸುತ್ತದೆ. ಸಾಲಿನಲ್ಲಿ ನಾಟ್‌ಡೆಫ್ ಬಂದರೆ ಅಕ್ಷರವೇ ಇಲ್ಲ, ಚುಕ್ಕಿವೃತ್ತದ ಗ್ಲಿಫ್ ಬಂದರೆ ಸ್ವರಚಿಹ್ನೆ ಒಂಟಿಯಾಗಿ ಉಳಿದಿದೆ ಎಂದರ್ಥ.

ಪದಗಳನ್ನು ಬೇಕೆಂದೇ ಕಷ್ಟದವನ್ನು ಆರಿಸಿ. 'ಭಕ್ತ'ದಲ್ಲಿ ತ ಒತ್ತಾಗಿ ಇಳಿಯಬೇಕು, ಹಲಂತ ಬೇರೆ ನಿಲ್ಲಬಾರದು. 'ಸೂರ್ಯ'ದಲ್ಲಿ ಅರ್ಕಾವತ್ತು ಯ ಆದ ಮೇಲೆ ಬರಬೇಕು. 'ರ‍್ಯಾಂಕ್' ಪದದಲ್ಲಿ ರಕಾರ ಪೂರ್ತಿ ನಿಂತು ಯ ಒತ್ತಾಗಬೇಕು. ಇದು ರ ಆದ ಮೇಲೆ ಹಲಂತಕ್ಕೆ ಮುಂಚೆ ಇರುವ ಕಾಣದ ಝಡ್‌ಡಬ್ಲ್ಯೂಜೆ ಅಕ್ಷರದ ಪರೀಕ್ಷೆ. 'ಫಾಂಟ್‌ಗಳು' ಪದದಲ್ಲಿ ಗ ಒತ್ತಾಗಬಾರದು. ಅದು ಅಕ್ಷರಗಳು ಕೂಡದಂತೆ ತಡೆಯುವ, ಕಾಣದ ಝಡ್‌ಡಬ್ಲ್ಯೂಎನ್‌ಜೆಯ ಪರೀಕ್ಷೆ. ಈ ನಾಲ್ಕು ಪದ ಪರೀಕ್ಷಿಸಿದರೆ ಶೇಪಿಂಗ್‌ನ (ಅಕ್ಷರ ಜೋಡಣೆಯ) ದೊಡ್ಡ ಕೆಡುಕುಗಳು ಬಹುತೇಕ ಸಿಕ್ಕಿಬೀಳುತ್ತವೆ. ಆದೇಶಗಳ ಉತ್ತರವನ್ನು ಓದುವಾಗ ಭಾಷೆ ನಿರ್ಧರಿಸುವ ಎಲ್‌ಸಿ ಆಲ್ ಚರಾಂಶದ ಬೆಲೆಯನ್ನು ಸಿ ಎಂದಿಡಿ, ಇಲ್ಲವಾದರೆ ಕನ್ನಡ ಲೊಕೇಲ್‌ನಲ್ಲಿ ಕೆಲವು ಸಂದೇಶಗಳು ಅನುವಾದವಾಗಿ ಬಂದು ನಿಮ್ಮ ಹೋಲಿಕೆ ತಪ್ಪುತ್ತದೆ.

ಕೀಬೋರ್ಡ್ ಪರೀಕ್ಷೆಗೆ ಒಂದು ತೊಡಕಿದೆ. ಓಪನ್‌ಕ್ಯೂಎ ಕಳಿಸುವುದು ಕೀಲಿ ಒತ್ತುಗಳನ್ನು, ಅದರ ಕೈಗೆ ನೇರವಾಗಿ 'ಕ' ಕೊಡಲಾಗದು. ಯುಎಸ್ ಮತ್ತು ಭಾರತೀಯ ವಿನ್ಯಾಸದ ಕಗಪ ರೂಪ ಎರಡನ್ನೂ ಹೊಂದಿಸಿ, ಕಗಪಕ್ಕೆ ಬದಲಿಸಿ, ಇಂಗ್ಲಿಷಿನ ಕೆ ಕೀಲಿ ಒತ್ತಿಸಿ, 'ಕ' ಬಂತೇ ನೋಡಿ. ಆಮೇಲೆ ಯುಎಸ್‌ಗೆ ಮರಳಿಸುವುದನ್ನು ಮರೆತರೆ ಮುಂದಿನ ಪ್ರತಿ ಆದೇಶವೂ ಕನ್ನಡದಲ್ಲಿ ಟೈಪಾಗಿ ಉಳಿದ ಪರೀಕ್ಷೆಗಳೆಲ್ಲ ಬೀಳುತ್ತವೆ. ಈ ಮಾಡ್ಯೂಲ್‌ಗೆ (ಪರೀಕ್ಷೆಯ ಈ ತುಣುಕಿಗೆ) 'ಆಲ್ವೇಸ್ ರೋಲ್‌ಬ್ಯಾಕ್' ಗುರುತು ಹಾಕಿ. ಮುಗಿದ ಕೂಡಲೇ ಯಂತ್ರ ಹಿಂದಿನ ಮೈಲಿಗಲ್ಲಿನ ಸ್ಥಿತಿಗೆ ಮರಳುತ್ತದೆ. ಅದಕ್ಕೆ ಮುಂಚಿನ ಯಾವುದಾದರೂ ಮಾಡ್ಯೂಲ್‌ನಲ್ಲಿ 'ಮೈಲ್‌ಸ್ಟೋನ್' ಗುರುತು ಇರಬೇಕು.

ಕನ್ನಡ ಆರಿಸಿ ಇನ್‌ಸ್ಟಾಲ್ ಮಾಡಿದ ಯಂತ್ರದಲ್ಲಿ ಡಿಸ್ಕ್ ಗೂಢಲಿಪಿಯ ಪಾಸ್‌ವರ್ಡನ್ನು ಬೂಟ್ ವೇಳೆ ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿ ಒಳಗೆ ಹೋಗಲಾಗುತ್ತದೆಯೇ ಎಂಬ ಪರೀಕ್ಷೆಯನ್ನು ತಪ್ಪದೆ ಸೇರಿಸಿ. ಅಲ್ಲಿ ಯುಎಸ್ ವಿನ್ಯಾಸ ಇಲ್ಲದೇ ಹೋದರೆ ಬಳಕೆದಾರರು ತಮ್ಮ ಕಂಪ್ಯೂಟರಿನ ಹೊರಗೇ ಉಳಿಯುತ್ತಾರೆ. ಕಪ್ಪು ಪಠ್ಯ ಕನ್ಸೋಲಿನಲ್ಲಿ ಕನ್ನಡದ ಬದಲು ಚೌಕಗಳು ಕಂಡರೆ ಬಗ್ ಹಾಕಬೇಡಿ: ಕರ್ನೆಲ್‌ನ ಆ ಕನ್ಸೋಲ್ ಹೆಚ್ಚೆಂದರೆ 512 ಗ್ಲಿಫ್ ಹಿಡಿಯುತ್ತದೆ, ಒತ್ತಕ್ಷರ ಜೋಡಿಸುವ ವ್ಯವಸ್ಥೆಯೇ ಅದಕ್ಕಿಲ್ಲ.