ಮಾನಸಿಕ ಕಾಯಿಲೆಗೆ ಮಾತ್ರೆ ಒಳ್ಳೆಯದಾ, ವರ್ತನೆ ತಿದ್ದುವ ಥೆರಪಿ ಒಳ್ಳೆಯದಾ?

ಯಾವ ಕಾಯಿಲೆ, ಎಷ್ಟು ತೀವ್ರ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಇಲ್ಲದ ದನಿ ಕೇಳಿಸುವಂಥ ಸ್ಕಿಜೋಫ್ರೇನಿಯಾ, ಅತಿ ಉತ್ಸಾಹ ಮತ್ತು ಖಿನ್ನತೆಯ ನಡುವೆ ಮನಸ್ಸು ತೂಗಾಡುವ ಬೈಪೋಲಾರ್ ಇದ್ದರೆ ಮಾತ್ರೆಯೇ ಮುಖ್ಯ. ಥೆರಪಿ ಅದರ ಜೊತೆಗಿರಬೇಕು, ಅದರ ಬದಲಿಗಲ್ಲ.

ಆತಂಕ, ಪ್ಯಾನಿಕ್, ಸಾಧಾರಣ ಖಿನ್ನತೆಯ ಕಥೆ ಬೇರೆ. ಯೋಚನೆ, ನಡವಳಿಕೆ ಎರಡನ್ನೂ ತಿದ್ದುವ ಸಿಬಿಟಿ ಎಂಬ ಥೆರಪಿ ಇಲ್ಲಿ ಹೆಚ್ಚುಕಮ್ಮಿ ಮಾತ್ರೆಯಷ್ಟೇ ಕೆಲಸ ಮಾಡುತ್ತದೆ. ಮುಗಿದ ಮೇಲೂ ಅದರ ಪರಿಣಾಮ ಉಳಿಯುವುದು ಜಾಸ್ತಿ, ಯಾಕಂದ್ರೆ ರೋಗಿ ಒಂದು ಕೌಶಲ ಕಲಿತಿರುತ್ತಾರೆ. ಬೇಡದ ಯೋಚನೆ ಮತ್ತೆ ಮತ್ತೆ ಕಾಡಿ, ಒಂದೇ ಕೆಲಸ ಮಾಡಿಸುವ ಒಸಿಡಿಯನ್ನೇ ನೋಡಿ. ಕೊಳಕು ಅನಿಸುವ ವಸ್ತುವನ್ನು ಮುಟ್ಟಿಸಿ, ಕೈ ತೊಳೆಯದೆ ಕೂರಿಸುತ್ತಾರೆ. ಮೊದಮೊದಲು ಹಿಂಸೆಯೇ. ಪದೇ ಪದೇ ಮಾಡಿದಾಗ ಆತಂಕ ತಾನಾಗಿ ಇಳಿಯುತ್ತದೆ. ಆದರೆ ಸಾಮಾನ್ಯವಾಗಿ 12ರಿಂದ 20 ಸೆಷನ್ ಬೇಕು, ಮನೆಯಲ್ಲೂ ಅಭ್ಯಾಸ ಮಾಡಬೇಕು.

ತೀವ್ರ ಖಿನ್ನತೆಯಲ್ಲಿ ಹಾಸಿಗೆಯಿಂದ ಏಳಲೂ ಆಗದವರಿಗೆ ಅಭ್ಯಾಸ ಮಾಡಿ ಅಂದರೆ ಏನು ಪ್ರಯೋಜನ, ಅಲ್ವಾ? ಅಲ್ಲಿ ಎರಡೂ ಸೇರಿದರೇ ಒಳ್ಳೆಯದು. ಎಸ್‌ಎಸ್‌ಆರ್‌ಐ ಎಂಬ ಖಿನ್ನತೆಯ ಮಾತ್ರೆಗಳ ಗುಣ ಕಾಣಲು 2ರಿಂದ 6 ವಾರ ಹಿಡಿಯುತ್ತದೆ, ಹಾಗಾಗಿ ನಾಲ್ಕು ದಿನ ನುಂಗಿ ಬಿಟ್ಟುಬಿಡಬೇಡಿ. ಚೆನ್ನಾಗಾಯಿತು ಅಂತ ಸುಮ್ನೆ ನೀವೇ ನಿಲ್ಲಿಸಲೂಬೇಡಿ. ವೈದ್ಯರು ಡೋಸ್ ಅನ್ನು ನಿಧಾನವಾಗಿ ಇಳಿಸುತ್ತಾರೆ.